ರಸ್ತೆ ಯಾರಪ್ಪನ ಸೊತ್ತು?

ಓಣಿಯ ಮಂದಿ ಸರಕಾರದ ಬಳಿ ಬಂಗಾರ ಬೇಡಿಲ್ಲ. ತಮ್ಮ ಮನೆಯ ಮುಂದಿನ ರಸ್ತೆಯ ಮೇಲೆ ವಾಹನಗಳು ತುಸು ಸಾವಕಾಶವಾಗಿ ಹೋಗುವಂತೆ ಮಾಡಿರಿ ಎಂದಷ್ಟೇ ಬೇಡಿದ್ದಾರೆ. ಶಾಲೆಯ ಮುಂದೆ ಒಂದು ಹಂಪು, ನಾಲ್ಕು ದಾರಿ ಕೂಡುವಲ್ಲಿ ದಾಟಲಿಕ್ಕೆ ಬಿಳಿಯ ಪಟ್ಟೆ, ರಸ್ತೆಯ ಅಂಚಿಗೆ ಕಾಲಿಡಲಿಕ್ಕೆ ಒಂದು ಕಟ್ಟೆ, ‘ಇಲ್ಲಿ ಇಷ್ಟೇ ವೇಗ’ ಎಂದು ಸಾರುವ ಒಂದು ಹಲಗೆ. ಇಷ್ಟೇ ಅವರ ಬೇಡಿಕೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂ ಊರುಗಳಲ್ಲಿ ಮಕ್ಕಳಿರುವ ಯಾವ ಮನೆಯ ಕಟ್ಟೆಯ ಮೇಲೆ ಕುಳಿತರೂ ಈ ಮಾತು ಬಂದೇ ಬರುತ್ತದೆ.

ಈ ಬೇಡಿಕೆಗೆ ಕಚೇರಿಗಳಲ್ಲಿ ದೊರೆಯುವ ಉತ್ತರಗಳೂ ನಮಗೆಲ್ಲ ಬಾಯಿಪಾಠವಾಗಿವೆ. ನಗರಸಭೆಗೆ ಹೋದರೆ ‘ಅದು ಲೋಕೋಪಯೋಗಿಯವರ ರಸ್ತೆ’ ಎಂಬ ಉತ್ತರ. ಲೋಕೋಪಯೋಗಿಗೆ ಹೋದರೆ ‘ಪೊಲೀಸರು ಶಿಫಾರಸು ಮಾಡಲಿ’ ಎಂಬ ಉತ್ತರ. ಪೊಲೀಸರ ಬಳಿ ಹೋದರೆ ‘ಹಂಪು ಹಾಕುವುದು ನಮ್ಮ ಕೆಲಸವೇನು?’ ಎಂಬ ಮರುಪ್ರಶ್ನೆ. ಮೂರು ಕಚೇರಿ ತಿರುಗಿ ಚಪ್ಪಲಿ ಸವೆಸಿದ ಮೇಲೆ ಕೊನೆಗೆ ಯಾರೋ ಒಬ್ಬ ದೊಡ್ಡ ಮನುಷ್ಯ ಕನ್ನಡಕ ಏರಿಸಿ ಹೇಳುತ್ತಾನೆ: ‘ಹಾಗೆಲ್ಲ ಮಾಡಿದರೆ ಸಂಚಾರಕ್ಕೆ ಅಡಚಣೆಯಾಗುತ್ತದೆ.’

ಈ ‘ಸಂಚಾರ’ ಎಂಬ ಶಬ್ದವನ್ನೇ ನಾವು ಇಂದು ಹಿಡಿದು ಕೇಳಬೇಕಾಗಿದೆ. ಹಗಲು ಪಾಳಿಗೆ ನಡೆದು ಹೋಗುವ ಕೂಲಿಕಾರನದು ಸಂಚಾರವಲ್ಲವೇ? ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ಹೋಗುವ ತಾಯಿಯದು ಸಂಚಾರವಲ್ಲವೇ? ಪಾಟಿಚೀಲ ಬೆನ್ನಿಗೇರಿಸಿ ಶಾಲೆಗೆ ಹೋಗುವ ಮಗುವಿನದು, ಸಾಯಕಲ್ಲಿನ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡವನದು, ಕೈಗಾಡಿ ನೂಕುವ ಹಮಾಲನದು? ಕಚೇರಿಯ ನಿಘಂಟಿನಲ್ಲಿ ಸಂಚಾರವೆಂದರೆ ಎಂಜಿನು ಇದ್ದವನ ಓಡಾಟ. ಕಾಲು ಮಾತ್ರ ಇದ್ದವನು ಆ ಸಂಚಾರಕ್ಕೆ ಅಡಚಣೆ! ನಮ್ಮ ತಕರಾರು ಒಂದು ಹಂಪಿನದಲ್ಲ, ಈ ನಿಘಂಟಿನದು.

ಮೂರು ಊರು, ಒಂದೇ ರೋಗ

ಹಾವೇರಿ ಮತ್ತು ರಾಣೆಬೆನ್ನೂರುಗಳ ಹೊಟ್ಟೆಯೊಳಗಿಂದ ಹಳೆಯ ಪುಣೆ–ಬೆಂಗಳೂರು ರಸ್ತೆ ಹಾದುಹೋಗಿದೆ. ನಾವು ಈಗಲೂ ಅದನ್ನು ಪಿ.ಬಿ. ರಸ್ತೆಯೆಂದೇ ಕರೆಯುತ್ತೇವೆ. ಒಂದು ಕಾಲಕ್ಕೆ ಮುಂಬಯಿಯ ಕಡೆಯ ಲಾರಿ, ಬೆಂಗಳೂರಿನ ಕಡೆಯ ಬಸ್ಸು ಎಲ್ಲವೂ ಇದೇ ದಾರಿ ಹಿಡಿಯಬೇಕಾಗಿದ್ದಿತು. ಮುಂದೆ ಹೆದ್ದಾರಿಯನ್ನು ಅಗಲಗೊಳಿಸಿದಾಗ ಅದನ್ನು ಊರ ಹೊರಗಿನಿಂದ ಒಯ್ದರು. ಹಳೆಯ 4ನೆಯ ನಂಬರಿನ ಹೆದ್ದಾರಿ ಈಗ 48ನೆಯ ನಂಬರಿನದಾಗಿದೆ. ಊರಿಗೆ ಇನ್ನು ನೆಮ್ಮದಿಯೆಂದು ಜನ ತಿಳಿದರು. ಆದರೆ ಆದುದೇನು? ಹೆದ್ದಾರಿ ಊರು ಬಿಟ್ಟು ಹೋಯಿತು, ಹೆದ್ದಾರಿಯ ಬುದ್ಧಿ ಊರಲ್ಲೇ ಉಳಿಯಿತು. ಅದೇ ನೇರ ರಸ್ತೆ, ಅದೇ ನುಣುಪು ಡಾಂಬರು, ಅದೇ ವೇಗ. ರಸ್ತೆಯ ಎರಡೂ ಬದಿಗೆ ಈಗ ಅಂಗಡಿ, ದವಾಖಾನೆ, ಶಾಲೆ, ಬ್ಯಾಂಕುಗಳು ಕಿಕ್ಕಿರಿದಿವೆ. 1997ರಲ್ಲಿ ಹಾವೇರಿ ಜಿಲ್ಲೆಯ ಊರಾದ ಮೇಲೆ ಕಚೇರಿಯ ಕೆಲಸಕ್ಕೆಂದು ಏಳೂ ದಿಕ್ಕಿನ ಹಳ್ಳಿಗಳಿಂದ ಬರುವ ಮಂದಿಯೂ ಈ ರಸ್ತೆಯನ್ನೇ ದಾಟಬೇಕು. ಊರು ಬೆಳೆದು ಬೇರೆಯೇ ಆದರೂ ರಸ್ತೆಯ ನಡತೆಯನ್ನು ತಿದ್ದಲು ಯಾರೂ ಮುಂದೆ ಬರಲಿಲ್ಲ.

ರಾಣೆಬೆನ್ನೂರಿನದು ಇನ್ನೊಂದು ಪಾಡು. ಹತ್ತಿ, ಬೀಜ, ಕಾಳುಕಡಿಗಳ ಈ ಪೇಟೆಗೆ ಮೇಡ್ಲೇರಿ ರಸ್ತೆ, ಹಲಗೇರಿ ರಸ್ತೆ, ಗುತ್ತಲ ರಸ್ತೆಗಳಿಂದ ಟ್ರಾಕ್ಟರುಗಳು ಬರುತ್ತವೆ. ಕುಮಾರಪಟ್ಟಣದ ಕಾರ್ಖಾನೆಗೆ ಹೋಗುವ ಕೂಲಿಕಾರರು ಪಾಳಿಯ ಗಂಟೆಗೆ ಮುಟ್ಟಬೇಕೆಂದು ಕತ್ತಲಲ್ಲೇ ಮನೆ ಬಿಡುತ್ತಾರೆ. ಒಂದು ಕಾಲದಲ್ಲಿ ಊರ ಅಂಚಿನ ಬಡಾವಣೆಗಳೆನಿಸಿದ್ದವುಗಳ ನಡುವಿನಿಂದಲೇ ಈಗ ಒಳದಾರಿ ಹಿಡಿದು ವಾಹನಗಳು ಓಡುತ್ತವೆ. ದೊಡ್ಡ ರಸ್ತೆಯಲ್ಲಿ ಗದ್ದಲವಾದರೆ ಜಾಣ ಚಾಲಕನು ಓಣಿ ಹೊಗುತ್ತಾನೆ. ಗದ್ದಲದಲ್ಲಿ ಕಳೆದುಕೊಂಡ ಹೊತ್ತನ್ನು ಮಕ್ಕಳು ಆಡುವ ಓಣಿಯಲ್ಲಿ ವೇಗ ಹೆಚ್ಚಿಸಿ ವಸೂಲು ಮಾಡಿಕೊಳ್ಳುತ್ತಾನೆ.

ಬ್ಯಾಡಗಿಯ ಮಾತಂತೂ ಹೇಳುವುದೇ ಬೇಡ. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸುಗ್ಗಿಯ ಕಾಲದಲ್ಲಿ ಒಂದೊಂದು ದಿನಕ್ಕೆ ಲಕ್ಷಗಟ್ಟಲೆ ಚೀಲಗಳು ಬಂದು ಬೀಳುತ್ತವೆ. ಆಂಧ್ರದಿಂದ, ತೆಲಂಗಾಣದಿಂದ, ಬಳ್ಳಾರಿ–ರಾಯಚೂರುಗಳಿಂದ ಲಾರಿಗಳ ಸಾಲು. ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿಯೇ ಪಟ್ಟಣದ ಮುಖ್ಯ ರಸ್ತೆಯಾಗಿ ಊರ ನಡುವೆ ಇಕ್ಕಟ್ಟಿನಲ್ಲಿ ನುಸುಳುತ್ತದೆ. ಅದೇ ರಸ್ತೆಯ ಮೇಲೆ ಮೆಣಸಿನಕಾಯಿಯ ತುಂಬು ಬಿಡಿಸುವ ಕೂಲಿಗೆ ಹೊರಟ ಹೆಂಗಸರ ಗುಂಪು ನಡೆಯುತ್ತದೆ. ಜಗತ್ತಿಗೆಲ್ಲ ಬಣ್ಣ ಕೊಡುವ ಮೆಣಸಿನಕಾಯಿ ಅವರ ಕೈಯಿಂದ ಹೊರಡುತ್ತದೆ. ಅವರ ಕಾಲಿಗೆ ಮಾತ್ರ ನಿಲ್ಲಲಿಕ್ಕೆ ಒಂದು ಗೇಣು ಕಟ್ಟೆ ಇಲ್ಲ.

ಕರಿಹಲಗೆಯ ಲೆಕ್ಕ

ವೇಗವೆಂದರೆ ಏನು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಇದಕ್ಕೆ ದೊಡ್ಡ ಇಂಜಿನಿಯರನ ವಿದ್ಯೆ ಬೇಡ, ಏಳನೆಯ ಇಯತ್ತೆಯ ಗಣಿತ ಸಾಕು.

ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಬರುವ ಗಾಡಿಯು ಒಂದು ಸೆಕೆಂಡಿನಲ್ಲಿ ಸುಮಾರು 27 ಅಡಿ ಮುಂದೆ ಹೋಗುತ್ತದೆ. ರಸ್ತೆಗೆ ಹುಡುಗ ಓಡಿ ಬಂದದ್ದನ್ನು ಚಾಲಕನು ಕಂಡು, ಕಾಲು ಬ್ರೇಕಿಗೆ ಹೋಗಲಿಕ್ಕೆ ಒಂದು ಸೆಕೆಂಡಾದರೂ ಬೇಕು. ಬ್ರೇಕು ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಮತ್ತೆ 16 ಅಡಿ ಹೋಗಿ ಗಾಡಿ ನಿಲ್ಲುತ್ತದೆ. ಒಟ್ಟು 43 ಅಡಿ. ಈಗ ಅದೇ ಗಾಡಿ 60ರಲ್ಲಿ ಬರಲಿ. ಮೊದಲ ಸೆಕೆಂಡಿಗೆ 55 ಅಡಿ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಅಂದರೆ ಮತ್ತೆ 65 ಅಡಿ. ಒಟ್ಟು 120 ಅಡಿ.

ಹುಡುಗನು 50 ಅಡಿ ದೂರದಲ್ಲಿ ಇದ್ದನೆಂದು ಇಟ್ಟುಕೊಳ್ಳಿರಿ. ಮೊದಲನೆಯ ಗಾಡಿ ಅವನಿಗಿಂತ ಏಳು ಅಡಿ ಈಚೆಗೇ ನಿಂತಿತು. ಹುಡುಗ ಬೈಸಿಕೊಂಡು ಮನೆಗೆ ಹೋದ. ಎರಡನೆಯ ಗಾಡಿಯ ಚಾಲಕನ ಕಾಲು ಇನ್ನೂ ಬ್ರೇಕಿಗೆ ತಾಗಿಯೇ ಇಲ್ಲ, ಅಷ್ಟರಲ್ಲಿ ಹುಡುಗ ಚಕ್ರದ ಅಡಿಗೆ. ಚಾಲಕ ಕುಡಿದಿರಲಿಲ್ಲ, ನಿದ್ದೆ ಮಾಡಿರಲಿಲ್ಲ, ಒಳ್ಳೆಯ ಮನುಷ್ಯನೇ ಇದ್ದ. ಕೊಂದದ್ದು ವೇಗ.

ಇನ್ನು ಈ ವೇಗದಿಂದ ಗಳಿಸಿದ್ದೇನು? ಅರ್ಧ ಕಿಲೋಮೀಟರಿನ ಓಣಿಯನ್ನು 60ರಲ್ಲಿ ದಾಟಲು ಅರ್ಧ ನಿಮಿಷ, 30ರಲ್ಲಿ ದಾಟಲು ಒಂದು ನಿಮಿಷ. ಉಳಿದದ್ದು ಅರ್ಧ ನಿಮಿಷ! ಆ ಅರ್ಧ ನಿಮಿಷವನ್ನು ಮುಂದಿನ ಚಹಾದಂಗಡಿಯಲ್ಲಿ ಕಳೆಯುವ ಮಹಾಶಯರಿಗಾಗಿ ಓಣಿಯ ಮಕ್ಕಳು ಜೀವ ಒತ್ತೆ ಇಡಬೇಕು. ಇದನ್ನು ಸಂಚಾರದ ಅನುಕೂಲ ಎನ್ನುತ್ತಾರೆ. ನಾವು ಇದನ್ನು ಅನ್ಯಾಯದ ವ್ಯಾಪಾರ ಎನ್ನುತ್ತೇವೆ.

ಸಾಯುವವರು ಯಾರು?

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಹೆದ್ದಾರಿಯ ಮೇಲೆ ನಿಂತಿದ್ದ ಲಾರಿಗೆ ಯಾತ್ರಿಕರ ಸಣ್ಣ ಬಸ್ಸು ಬಡಿಯಿತು. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯ ಕಡೆಯ 13 ಜನ ಸತ್ತರು. ನಾಡೆಲ್ಲ ಮರುಗಿತು. ದೊಡ್ಡವರು ಶೋಕ ಸೂಚಿಸಿದರು, ಪರಿಹಾರ ಸಾರಿದರು. ಆ ದುಃಖ ಸುಳ್ಳಲ್ಲ. ಆದರೆ 13 ಜನ ಒಮ್ಮೆಲೇ ಸತ್ತರೆ ಕಾಣುವ ಸರಕಾರದ ಕಣ್ಣಿಗೆ, 13 ಓಣಿಗಳಲ್ಲಿ ಒಬ್ಬೊಬ್ಬರಾಗಿ ಸತ್ತ 13 ಜನ ಯಾಕೆ ಕಾಣುವುದಿಲ್ಲ? ಒಬ್ಬ ಪಾದಚಾರಿ ಸತ್ತರೆ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು, ಠಾಣೆಯಲ್ಲಿ ಒಂದು ಕಾಗದ. ಮರುದಿನ ಅದೇ ಜಾಗದಲ್ಲಿ ಅದೇ ವೇಗ.

ಕೇಂದ್ರ ಸರಕಾರದ ರಸ್ತೆ ಸಾರಿಗೆ ಇಲಾಖೆಯೇ ಒಪ್ಪಿಕೊಂಡ ಲೆಕ್ಕ ಕೇಳಿರಿ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಜನ. ಅದರಲ್ಲಿ ಕಾಲ್ನಡಿಗೆಯವರು 32,825, ಅಂದರೆ ದಿನಕ್ಕೆ ಸುಮಾರು 90 ಜನ. ಎರಡು ಗಾಲಿಯ ವಾಹನದವರು 74,897. ಇವೆರಡನ್ನು ಕೂಡಿಸಿದರೆ ಸತ್ತ ನೂರು ಜನರಲ್ಲಿ 64 ಜನ ಕಾಲ್ನಡಿಗೆಯವರು ಅಥವಾ ಬೈಕಿನವರು. ಅದೇ ವರದಿಯ ಪ್ರಕಾರ ನೂರಕ್ಕೆ 71 ಸಾವುಗಳಿಗೆ ಅತಿವೇಗವೇ ಕಾರಣ.

ಕಾರಿನಲ್ಲಿ ಕುಳಿತವನಿಗೆ ಗಾಳಿಚೀಲವಿದೆ, ಪಟ್ಟಿಯಿದೆ, ಉಕ್ಕಿನ ಕವಚವಿದೆ. ನಡೆಯುವವನಿಗೆ ಮೈಮೇಲಿನ ಅಂಗಿಯೇ ಕವಚ. ಅವನು ಸಾಯದೆ ಕಾಲು ಮುರಿದುಕೊಂಡನೆಂದರೂ ಕಥೆ ಮುಗಿಯಲಿಲ್ಲ. ದಿನಗೂಲಿಯವನ ಕಾಲು ಮುರಿದರೆ ಮನೆಯ ಒಲೆ ಆರುತ್ತದೆ. ಹುಬ್ಬಳ್ಳಿಗೋ ದಾವಣಗೆರೆಗೋ ಒಯ್ಯುವ ಖರ್ಚು, ಸಾಲ, ಒತ್ತೆ, ಮಗಳ ಶಾಲೆ ಬಿಡಿಸುವುದು, ಹೀಗೆ ಒಂದರ ಹಿಂದೊಂದು. ಗುದ್ದಿ ಓಡಿಹೋದ ವಾಹನದಿಂದ ಸತ್ತವನ ಮನೆಗೆ 2022ರ ಏಪ್ರಿಲಿನಿಂದ ಜಾರಿಗೆ ಬಂದ ಯೋಜನೆಯಂತೆ 2 ಲಕ್ಷ ರೂಪಾಯಿ ಪರಿಹಾರವಿದೆ. ಸತ್ತ ಮೇಲೆ 2 ಲಕ್ಷ ಕೊಡುತ್ತೇವೆನ್ನುವ ಸರಕಾರವು ಸಾಯುವ ಮುಂಚೆ ಒಂದು ಡಬ್ಬಿ ಬಿಳಿ ಬಣ್ಣ ಕೊಡಲಿಕ್ಕೆ ಹಿಂದುಮುಂದು ನೋಡುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚುವ ಬುದ್ಧಿ ಇದು.

ಕಾಯಿದೆ ಏನು ಹೇಳುತ್ತದೆ?

‘ನಮಗೆ ಅಧಿಕಾರವಿಲ್ಲ’ ಎಂದು ಹೇಳುವವರ ಮುಂದೆ ಕಾಯಿದೆಯನ್ನೇ ಬಿಚ್ಚಿ ಇಡೋಣ. 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮು, ಸಾರ್ವಜನಿಕರ ಸುರಕ್ಷತೆಗಾಗಿ ಅಥವಾ ರಸ್ತೆಯ ಸ್ವರೂಪ ನೋಡಿ ಯಾವುದೇ ರಸ್ತೆಗೆ, ಯಾವುದೇ ಪ್ರದೇಶಕ್ಕೆ ವೇಗದ ಮಿತಿ ಹಾಕುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಮತ್ತು ಅದು ನೇಮಿಸಿದ ಅಧಿಕಾರಿಗೆ ಕೊಟ್ಟಿದೆ. 115ನೆಯ ಕಲಮು ಭಾರಿ ವಾಹನಗಳನ್ನು ಇಂಥ ರಸ್ತೆಯಲ್ಲಿ ಬರಕೂಡದು ಎಂದು ತಡೆಯುವ ಅಧಿಕಾರ ಕೊಟ್ಟಿದೆ. 116ನೆಯದು ಸೂಚನಾ ಫಲಕ ನಿಲ್ಲಿಸುವುದಕ್ಕೆ. 215ನೆಯದು ಜಿಲ್ಲೆಗೊಂದು ರಸ್ತೆ ಸುರಕ್ಷತಾ ಸಮಿತಿ ಮಾಡುವುದಕ್ಕೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 198-ಎ ಕಲಮು ಇನ್ನೂ ಮುಂದೆ ಹೋಗಿ ಹೇಳುತ್ತದೆ: ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಗಳಲ್ಲಿ ಗೊತ್ತುಪಡಿಸಿದ ಸುರಕ್ಷತೆಯ ಮಟ್ಟ ಪಾಲಿಸದೆ ಅದರಿಂದ ಸಾವು ಅಥವಾ ಅಂಗವಿಕಲತೆ ಉಂಟಾದರೆ, ಹೊಣೆಗಾರನಾದ ಅಧಿಕಾರಸ್ಥನಿಗೂ ಕಂತ್ರಾಟುದಾರನಿಗೂ ಸಲಹೆಗಾರನಿಗೂ 1 ಲಕ್ಷ ರೂಪಾಯಿಯವರೆಗೆ ದಂಡ. ಹೆಲ್ಮೆಟ್ಟಿಲ್ಲದ ಬಡವನಿಗೆ ಕಲಮು ತೋರಿಸಿ ದಂಡದ ಚೀಟಿ ಹರಿದುಕೊಡುವವರಿಗೆ ಈ 198-ಎ ಪುಟ ಮಾತ್ರ ಅಂಟಿಕೊಂಡಿದೆಯೋ ಏನೋ, ತೆರೆಯುವುದೇ ಇಲ್ಲ!

2025ರ ಮೇ ತಿಂಗಳಲ್ಲಿ ದೇಶದ ಸುಪ್ರೀಂ ಕೋರ್ಟು ಒಂದು ಮಾತು ಸ್ಪಷ್ಟವಾಗಿ ಹೇಳಿತು. ಅಡೆತಡೆಯಿಲ್ಲದ ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿರುವ ಬದುಕುವ ಹಕ್ಕಿನ ಭಾಗ. ಆದುದರಿಂದ ಇನ್ನು ಮುಂದೆ ಓಣಿಯವರು ಕಚೇರಿಗೆ ಹೋಗಿ ‘ದಯಮಾಡಿ’ ಎನ್ನುವ ಕಾರಣವಿಲ್ಲ. ಅವರು ಕೇಳುವುದು ಭಿಕ್ಷೆಯಲ್ಲ, ಬಾಕಿ.

ಕಾಯಿದೆ ಬಡವರ ಪಕ್ಷದಲ್ಲಿ ತಾನಾಗಿಯೇ ಎದ್ದು ನಿಲ್ಲುತ್ತದೆಂಬ ಭ್ರಮೆಯೂ ಬೇಡ. 2018ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆ ಪುರಸಭೆ–ನಗರಸಭೆಗಳ ಹದ್ದಿನೊಳಗಿನ ರಸ್ತೆಗಳಲ್ಲಿ ಕಾರುಗಳಿಗೆ ಗಂಟೆಗೆ 70 ಕಿಲೋಮೀಟರಿನವರೆಗೆ ಮಿತಿ ಕಟ್ಟಿತು. ಊರೊಳಗೆ 70! ದಿಲ್ಲಿಯ ಅಗಲ ರಸ್ತೆಯಲ್ಲಿ ಕುಳಿತು ಬರೆದವರಿಗೆ ಹಾವೇರಿಯ ಹಳೇ ಪೇಟೆ ಕಂಡಿರಲಿಕ್ಕಿಲ್ಲ. ಅದಕ್ಕಿಂತ ಕಡಿಮೆ ಮಿತಿ ಹಾಕಲಿಕ್ಕೆ ಕಾಯಿದೆಯಲ್ಲಿ ದಾರಿ ಇತ್ತು. ಆ ದಾರಿಯಲ್ಲಿ ನಡೆಯುವವರು ಬೇಕಾಗಿದ್ದರು.

ನಾಲ್ಕು ನೆವಗಳು

ಮೊದಲನೆಯ ನೆವ: ‘ಹಂಪು ಹಾಕಿದರೆ ಬೆನ್ನು ಮುರಿಯುತ್ತದೆ, ಬೈಕಿನವರು ಬೀಳುತ್ತಾರೆ.’ ಸರಿಯಾದ ಮಾತು. ಆದರೆ ಯಾವ ಹಂಪು? ಕಂತ್ರಾಟುದಾರನು ಉಳಿದ ಜಲ್ಲಿ–ಡಾಂಬರನ್ನು ರಸ್ತೆಗೆ ಅಡ್ಡಲಾಗಿ ಸುರಿದು ಹೋದ, ಒಂದು ಅಡಿ ಅಗಲದ, ಅರ್ಧ ಅಡಿ ಎತ್ತರದ ಗುಡ್ಡವನ್ನು ಹಂಪು ಎನ್ನುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ಇದಕ್ಕೊಂದು ಅಳತೆ ಕೊಟ್ಟಿದೆ: ಅಗಲ 3.7 ಮೀಟರು, ಎತ್ತರ 10 ಸೆಂಟಿಮೀಟರು, ಅಂದರೆ 12 ಅಡಿ ಅಗಲಕ್ಕೆ ನಾಲ್ಕು ಅಂಗುಲ ಏರು. 25ರ ವೇಗದಲ್ಲಿ ಹೋದರೆ ಹೊಟ್ಟೆಯಲ್ಲಿನ ನೀರು ಕೂಡ ಅಲುಗುವುದಿಲ್ಲ. 40 ಮೀಟರು ಮೊದಲೇ ಎಚ್ಚರಿಕೆಯ ಹಲಗೆ, ಮೇಲೆ ಕಾಣುವಂತೆ ಬಣ್ಣದ ಪಟ್ಟೆ. ಈ ಅಳತೆ ಪಾಲಿಸದವರು ತಾವು. ಅದರಿಂದ ಬಿದ್ದವರು ನಾವು. ಕೊನೆಗೆ ‘ಹಂಪೇ ಕೆಟ್ಟದ್ದು’ ಎಂಬ ತೀರ್ಪೂ ತಮ್ಮದೇ! ಅಡಿಗೆ ಕೆಡಿಸಿದವನು ಅಕ್ಕಿಯನ್ನು ಬೈದ ಹಾಗಾಯಿತು.

ಎರಡನೆಯ ನೆವ: ‘ಮೇಲಿನಿಂದ ಸುತ್ತೋಲೆ ಬಂದಿದೆ, ಹಂಪು ಹಾಕುವಂತಿಲ್ಲ.’ 2016ರಲ್ಲಿ ಕೇಂದ್ರದ ಸಾರಿಗೆ ಇಲಾಖೆ ಹಂಪು ತೆಗೆಯಿರೆಂದು ಹೇಳಿದ್ದು ರಾಷ್ಟ್ರೀಯ ಹೆದ್ದಾರಿಗಳಿಗೆ. ಓಣಿಗೂ ಹೆದ್ದಾರಿಗೂ ಫರಕು ತಿಳಿಯದ ಅಧಿಕಾರಿಗೆ ಸುತ್ತೋಲೆಯಲ್ಲ, ಊರಿನ ನಕಾಶೆ ಕೊಡಬೇಕು. ಮೇಲಾಗಿ ಹಂಪು ಒಂದೇ ಮದ್ದಲ್ಲ. ದಾಟುವ ಪಟ್ಟೆಯನ್ನೇ ಎತ್ತರಿಸಿ ಕಟ್ಟಬಹುದು. ಕೂಡುದಾರಿಯ ಬಾಯಿಯನ್ನು ಕಿರಿದು ಮಾಡಬಹುದು. ನಡುವೆ ಸಣ್ಣ ದುಂಡುಕಟ್ಟೆ ಇಡಬಹುದು. ಕೆಲವು ಓಣಿಗಳಿಗೆ ಭಾರಿ ಗಾಡಿಗಳ ಪ್ರವೇಶವನ್ನು ನಿಲ್ಲಿಸಬಹುದು. ಮನಸ್ಸಿದ್ದವನಿಗೆ ಹತ್ತು ದಾರಿ.

ಮೂರನೆಯ ನೆವ: ‘ಜನರಿಗೇ ಶಿಸ್ತಿಲ್ಲ, ಎಲ್ಲೆಂದರಲ್ಲಿ ದಾಟುತ್ತಾರೆ.’ ಎಲ್ಲಿ ದಾಟಬೇಕೆಂದು ನೀವು ಗೆರೆ ಹಾಕಿ ತೋರಿಸಿದ್ದೀರಾ? ಕಾಲುದಾರಿಗೆ ಕಡಿಮೆಯೆಂದರೂ 1.8 ಮೀಟರು ತೆರಪು ಇರಬೇಕೆಂಬ ನಿಯಮ ನಿಮ್ಮದೇ ಪುಸ್ತಕದಲ್ಲಿದೆ. ಆರು ಅಡಿಯ ಆ ಕಾಲುದಾರಿ ಇಲ್ಲದ ಕಡೆ ಮನುಷ್ಯ ರಸ್ತೆಯ ಮೇಲಲ್ಲದೆ ಗಾಳಿಯಲ್ಲಿ ನಡೆಯಬೇಕೇ?

ನಾಲ್ಕನೆಯದು ನಮ್ಮ ಸಣ್ಣ ವ್ಯಾಪಾರಿ ಬಂಧುಗಳ ಅಂಜಿಕೆ. ಇದನ್ನು ನಾವು ನೆವವೆನ್ನುವುದಿಲ್ಲ, ಯಾಕಂದರೆ ಹೊಟ್ಟೆಯ ಪ್ರಶ್ನೆ ಇದು. ‘ಗಾಡಿಗಳನ್ನು ತಡೆದರೆ ಗಿರಾಕಿ ತಪ್ಪುತ್ತದೆ’ ಎಂದು ಅವರು ಹೇಳುತ್ತಾರೆ. ವಿಚಾರ ಮಾಡಿರಿ. 60ರ ವೇಗದಲ್ಲಿ ಹೋಗುವವನು ನಿಮ್ಮ ಅಂಗಡಿಯ ಫಲಕವನ್ನಾದರೂ ಓದುತ್ತಾನೆಯೇ? ಅವನು ನಿಮಗೆ ಕೊಡುವುದು ಧೂಳು ಮಾತ್ರ. ನಡೆದು ಬರುವವನು, ಸಾಯಕಲ್ಲು ನಿಲ್ಲಿಸುವವನು, ಮಗುವಿನ ಕೈ ಹಿಡಿದು ಬರುವ ತಾಯಿ, ಇವರೇ ನಿಮ್ಮ ಗಲ್ಲಾಪೆಟ್ಟಿಗೆಯ ಅನ್ನದಾತರು. ಅವರು ಅಂಜಿ ಮನೆಯಲ್ಲೇ ಉಳಿದರೆ, ಮನೆ ಬಾಗಿಲಿಗೇ ಸಾಮಾನು ತಂದುಕೊಡುವ ದೊಡ್ಡ ಕಂಪನಿಗಳು ಬಾಯಿ ತೆರೆದು ಕುಳಿತಿವೆ. ಬೀದಿ ನಡೆಯಲು ಯೋಗ್ಯವಾಗಿದ್ದರೆ ಮಾತ್ರ ಬೀದಿಯ ಅಂಗಡಿ ಬದುಕೀತು.

ಕಾಲುದಾರಿಯ ಹೆಸರಿನಲ್ಲಿ ತಳ್ಳುಗಾಡಿಯವರನ್ನೂ ಬುಟ್ಟಿಯವರನ್ನೂ ಒಕ್ಕಲೆಬ್ಬಿಸುವ ಆಟಕ್ಕೂ ನಾವು ಒಪ್ಪುವವರಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ಬೀದಿ ವ್ಯಾಪಾರಿಗಳಿಗೇ ಇರಬೇಕೆಂದು ಹೇಳಿದೆ. ಅವರನ್ನು ಕೂಡ್ರಿಸಿಕೊಂಡು ಜಾಗ ಗುರುತಿಸಿರಿ. ಬಡವನಿಗೂ ಬಡವನಿಗೂ ಜಗಳ ಹಚ್ಚಿ, ನಡುವಿನ ಡಾಂಬರನ್ನೆಲ್ಲ ಕಾರಿನವನಿಗೆ ಬಿಟ್ಟುಕೊಡುವ ಹಂಚಿಕೆ ಹಳೆಯದಾಯಿತು.

ಅಗಲ ಮಾಡಿದರೆ ಸಾಲದು

ಬ್ಯಾಡಗಿಯ ಮುಖ್ಯ ರಸ್ತೆ ಅಗಲವಾಗಬೇಕೆಂದು ವರ್ಷಗಟ್ಟಲೆ ಹೋರಾಟ ನಡೆದಿದೆ. ಬಂದ್ ಆಗಿವೆ, ಧರಣಿಗಳಾಗಿವೆ, ಕಟ್ಟಡಗಳ ಮಾಲೀಕರು ನ್ಯಾಯಾಲಯದ ಮೆಟ್ಟಿಲು ಏರಿದ್ದಾರೆ. ಇಕ್ಕಟ್ಟಿನಿಂದ ಬೇಸತ್ತವರ ನೋವು ನಿಜ. ಅಂಗಡಿಯ ಗೋಡೆ ಕಳೆದುಕೊಳ್ಳುವವನ ನೋವೂ ನಿಜ. ನ್ಯಾಯವಾದ ಪರಿಹಾರ ಕೊಟ್ಟು ರಸ್ತೆಯನ್ನು ಹಿಗ್ಗಿಸುವುದಕ್ಕೆ ನಮ್ಮ ವಿರೋಧವಿಲ್ಲ. ಆದರೆ ನಾವು ಎರಡೂ ಪಕ್ಷದವರನ್ನು ಒಂದು ಪ್ರಶ್ನೆ ಕೇಳುತ್ತೇವೆ: ಹಿಗ್ಗಿದ ಜಾಗ ಯಾರ ಪಾಲಿಗೆ ಹೋಗಬೇಕು?

ಅಗಲಗೊಳಿಸಿದ ರಸ್ತೆಯ ಮೇಲೆ ಇಂಚಿಂಚಿಗೂ ಡಾಂಬರು ಹಾಸಿ ಬಿಟ್ಟರೆ, ಇಂದು ಇಕ್ಕಟ್ಟಿನಿಂದಲಾದರೂ ಮೆಲ್ಲಗೆ ಹೋಗುವ ಲಾರಿ ನಾಳೆ ಹಾರಿಹೋಗುತ್ತದೆ. ಅಗಲ ರಸ್ತೆ ಚಾಲಕನಿಗೆ ‘ಒತ್ತು’ ಎಂದು ಹೇಳುತ್ತದೆ. ಇಂದು ಇಪ್ಪತ್ತು ಅಡಿ ದಾಟುವ ಮುದುಕಿ ನಾಳೆ ಅದರ ಎರಡು ಪಟ್ಟು ದಾಟಬೇಕು, ಅದೂ ಎರಡು ಪಟ್ಟು ವೇಗದ ನಡುವೆ. ಅಂಗಡಿಯ ಮುಂಭಾಗ ಕಳೆದುಕೊಂಡವನಿಗೆ ಕಾಲುದಾರಿಯೂ ಇಲ್ಲ, ಗಿರಾಕಿಯೂ ಇಲ್ಲ. ಆದ್ದರಿಂದ ಬ್ಯಾಡಗಿಯಲ್ಲಾಗಲಿ, ಮುಂದೆ ಎಲ್ಲಿಯೇ ಆಗಲಿ, ಹಿಗ್ಗಿದ ಜಾಗದಲ್ಲಿ ಮೊದಲ ಪಾಲು ಎರಡೂ ಬದಿಯ ಕಾಲುದಾರಿಗೆ. ದಾಟುವ ಪಟ್ಟೆಗಳು, ವೇಗ ತಗ್ಗಿಸುವ ಏರುಗಳು ಅದೇ ಅಂದಾಜು ಪತ್ರಿಕೆಯಲ್ಲಿ ಬರೆದಿರಬೇಕು, ‘ಆಮೇಲೆ ನೋಡೋಣ’ ಎಂದಲ್ಲ. ಮಾರುಕಟ್ಟೆಯ ದಿನ ಶಾಲೆ ಬಿಡುವ ಮತ್ತು ಕೂಡುವ ಹೊತ್ತಿಗೆ ಭಾರಿ ಲಾರಿಗಳು ಊರ ಹೊರಗೆ ನಿಂತರೆ ಮೆಣಸಿನಕಾಯಿಯ ಖಾರವೇನೂ ಕಡಿಮೆಯಾಗುವುದಿಲ್ಲ.

ಮಂದಿ ಎದ್ದು ನಿಂತಲ್ಲಿ

‘ಇದೆಲ್ಲ ಆಗುವ ಮಾತಲ್ಲ’ ಎನ್ನುವವರಿಗೆ ದೂರದ ಹಾಲೆಂಡಿನ ಕಥೆ ಹೇಳಬೇಕಾಗಿದೆ. 1971ರಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕಿಂತ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತನೊಬ್ಬನು 1972ರಲ್ಲಿ ಬರೆದ ಲೇಖನದ ತಲೆಬರಹವೇ ‘ಮಕ್ಕಳ ಕೊಲೆ ನಿಲ್ಲಿಸಿರಿ’ ಎಂಬ ಚಳವಳಿಯ ಹೆಸರಾಯಿತು. ತಾಯಿತಂದೆಗಳು ಮಕ್ಕಳನ್ನು ಕರೆದುಕೊಂಡು ಬೀದಿಗಿಳಿದರು. ರಸ್ತೆ ಅಡ್ಡಗಟ್ಟಿ ಮಕ್ಕಳಿಗೆ ಆಡಲು ಬಿಟ್ಟರು. ಡೆಲ್ಫ್ಟ್ ಎಂಬ ಊರಿನ ಜನ ತಮ್ಮ ಓಣಿಯಲ್ಲಿ ಗಿಡ, ಕಟ್ಟೆ, ತಿರುವುಗಳನ್ನು ಇಟ್ಟು ವಾಹನಗಳನ್ನು ನಡಿಗೆಯ ವೇಗಕ್ಕೆ ಇಳಿಸಿದ ಕ್ರಮವನ್ನು 1976ರಲ್ಲಿ ಸರಕಾರವೇ ಕಾಯಿದೆಯಾಗಿ ಒಪ್ಪಬೇಕಾಯಿತು. ಇತ್ತೀಚಿನ ವರ್ಷಗಳಲ್ಲಿ ಆ ದೇಶದಲ್ಲಿ ರಸ್ತೆಯ ಸಾವು ವರ್ಷಕ್ಕೆ 800ರ ಒಳಗೆ ಇಳಿದಿದೆ. ಅಲ್ಲಿ ಕಾರುಗಳು ಕಡಿಮೆಯಾದುವೇ? ಇಲ್ಲ, ಹೆಚ್ಚಾದುವು. ಕಡಿಮೆಯಾದದ್ದು ಕಾರಿನ ದರ್ಪ. 2021ರ ಮೇ ತಿಂಗಳಿನಿಂದ ಸ್ಪೇನ್ ದೇಶ ಊರೊಳಗಿನ ಆಚೆಗೊಂದು ಈಚೆಗೊಂದು ಸಾಲಿನ ರಸ್ತೆಗಳಿಗೆಲ್ಲ 30ರ ಮಿತಿ ಹಾಕಿದೆ.

ಅವರು ಶ್ರೀಮಂತರು, ನಾವು ಬಡವರು ಎನ್ನಬೇಡಿರಿ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು ಮೈಲಾರ ಮಹಾದೇವಪ್ಪನವರ ಊರು. 1930ರಲ್ಲಿ ಗಾಂಧೀಜಿಯವರ ಜೊತೆ ದಾಂಡಿಗೆ 240 ಮೈಲು ನಡೆದವರಲ್ಲಿ ಆ ಕನ್ನಡಿಗನೂ ಒಬ್ಬನಿದ್ದನು. ಬರಿಗಾಲಿನ ನಡಿಗೆಯಿಂದ ಸಾಮ್ರಾಜ್ಯವನ್ನು ನಡುಗಿಸಿದವರ ನೆಲದಲ್ಲಿ, ಇಂದು ಒಬ್ಬ ಮುದುಕಿ ಈ ಬದಿಯ ಕಿರಾಣಿ ಅಂಗಡಿಯಿಂದ ಆ ಬದಿಯ ದವಾಖಾನೆಗೆ ನಡೆದು ಜೀವಸಹಿತ ಮುಟ್ಟುವುದೇ ಸಾಹಸವಾಗಿದೆ. ಇದು ಬಡತನವಲ್ಲ, ಅಲಕ್ಷ್ಯ.

ನಮ್ಮ ಬೇಡಿಕೆಗಳು

1. ಮೂರೂ ಊರುಗಳ ಶಾಲೆ, ದವಾಖಾನೆ, ಸಂತೆ, ವಸತಿ ಓಣಿಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿಯನ್ನು ಅಧಿಸೂಚನೆಯಿಂದ ಜಾರಿ ಮಾಡಬೇಕು. ಹಲಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು.

2. ಇರುವ ಅಡ್ಡಾದಿಡ್ಡಿ ಹಂಪುಗಳನ್ನು ಕಿತ್ತು, ಅಳತೆಯ ಪ್ರಕಾರ ಕಟ್ಟಬೇಕು. ಬಣ್ಣ ಮಾಸಿದರೆ ಮತ್ತೆ ಬಳಿಯುವ ಹೊಣೆ ಯಾರದೆಂದು ಬರೆದಿಡಬೇಕು.

3. ಹಳೆಯ ಪಿ.ಬಿ. ರಸ್ತೆಯಲ್ಲಿ ದಾಟುವ ಪಟ್ಟೆಗಳನ್ನು ಎತ್ತರಿಸಿ ಕಟ್ಟಬೇಕು, ದೀಪ ಹಾಕಬೇಕು.

4. ಹೊಸ ರಸ್ತೆ, ಅಗಲೀಕರಣ, ಕಾಂಕ್ರೀಟು, ಯಾವ ಕಾಮಗಾರಿಯೇ ಇರಲಿ, ಕಾಲುದಾರಿಯಿಲ್ಲದ ಅಂದಾಜು ಪತ್ರಿಕೆಗೆ ಮಂಜೂರಿ ಕೊಡಕೂಡದು.

5. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ಓಣಿಯ ಪ್ರತಿನಿಧಿಗಳು, ಗಿರಣಿ ಕೂಲಿಕಾರರು, ಬೀದಿ ವ್ಯಾಪಾರಿಗಳು, ಶಾಲಾ ಶಿಕ್ಷಕರು ಕರೆಯಲ್ಪಡಬೇಕು. ಸಭೆಯ ನಡವಳಿಯನ್ನು ಕಚೇರಿಯ ಗೋಡೆಗೆ ಅಂಟಿಸಬೇಕು.

6. ಓಣಿಯವರು ಕೊಟ್ಟ ಅರ್ಜಿಗೆ 30 ದಿನಗಳಲ್ಲಿ ಹೌದು ಅಥವಾ ಇಲ್ಲ ಎಂದು, ಕಾರಣ ಸಹಿತ, ಸಹಿ ಸಹಿತ ಲಿಖಿತ ಉತ್ತರ ಸಿಗಬೇಕು.

ಈ ಆರನೆಯ ಬೇಡಿಕೆಯೇ ಉಳಿದ ಐದಕ್ಕೂ ತಾಯಿಬೇರು. ಬಾಯಿಮಾತಿಗೆ ಹೊಣೆಯಿಲ್ಲ, ಸಹಿಗೆ ಹೊಣೆಯಿದೆ. ‘ಇಲ್ಲಿ ವೇಗ ತಗ್ಗಿಸುವ ಅವಶ್ಯವಿಲ್ಲ’ ಎಂದು ಸಹಿ ಮಾಡಿಕೊಟ್ಟ ಅಧಿಕಾರಿ ನಾಳೆ ಅಲ್ಲಿ ಮಗು ಸತ್ತರೆ 198-ಎ ಕಲಮಿಗೆ ಉತ್ತರ ಹೇಳಬೇಕಾದೀತು. ಅದನ್ನು ಬಲ್ಲುದರಿಂದಲೇ ಅವನು ಸಹಿ ಮಾಡುವುದಿಲ್ಲ, ಸಾಗಹಾಕುತ್ತಾನೆ.

ಆದುದರಿಂದ ಓಣಿಯ ಬಂಧುಗಳೇ, ಮೊದಲು ಅರ್ಜಿ ಬರೆಯಿರಿ. ಒಬ್ಬರ ಹೆಸರಿನಲ್ಲಿ ಬೇಡ, ಇಡೀ ಓಣಿಯ ಹೆಸರಿನಲ್ಲಿ. ಅಕ್ಷರ ಬಾರದವರ ಹೆಬ್ಬೆಟ್ಟೂ ಇರಲಿ. ಒಂದು ಮುಂಜಾನೆ, ಶಾಲೆ ಕೂಡುವ ಹೊತ್ತಿಗೆ, ನಾಲ್ಕು ಜನ ಕಟ್ಟೆಯ ಮೇಲೆ ಕುಳಿತು ಎಷ್ಟು ಗಾಡಿ ಹೋದವು, ಎಷ್ಟು ಮಕ್ಕಳು ದಾಟಿದರು ಎಂದು ಪಾಟಿಯ ಮೇಲೆ ಗೀಟು ಹಾಕಿರಿ. ಆ ಲೆಕ್ಕವನ್ನು ಅರ್ಜಿಗೆ ಲಗತ್ತಿಸಿರಿ. ಪೋಚು ಪಡೆದುಕೊಳ್ಳಿರಿ. 30 ದಿನ ಕಾಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಕೇಳಿರಿ: ನಮ್ಮ ಅರ್ಜಿ ಯಾರ ಮೇಜಿನ ಮೇಲೆ, ಎಷ್ಟು ದಿನದಿಂದ ಮಲಗಿದೆ? ಆಗಲೂ ಉತ್ತರ ಬಾರದಿದ್ದರೆ, ಮಕ್ಕಳ ಕೈ ಹಿಡಿದುಕೊಂಡು ಶಾಂತಿಯಿಂದ, ಸಾಲಾಗಿ, ಸಾವಕಾಶವಾಗಿ ಆ ರಸ್ತೆಯನ್ನು ದಾಟೋಣ. ಒಬ್ಬರ ಹಿಂದೊಬ್ಬರು, ಇಡೀ ಓಣಿ, ಇಡೀ ಊರು. ಆಗ ಗಾಡಿಗಳು ತಾವಾಗಿಯೇ ನಿಲ್ಲುತ್ತವೆ. ಸಂಚಾರ ಎಂದರೆ ಯಾರದು ಎಂಬುದೂ ಆಗ ಕಚೇರಿಯವರಿಗೆ ತಿಳಿಯುತ್ತದೆ.